‘ಪಿ’ಗೆ ಹಾಕಿದ್ದೆ, ಆದರೂ ಗಾಡಿ ಹೊರಟಿತು

ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಂದನ್ನು ಬಿಚ್ಚಿ ಹಳೇ ಪೇಪರಿನ ಮೇಲೆ ಹರಡಿದ್ದರು. ಮೆಕ್ಯಾನಿಕ್ ಅದರೊಳಗಿಂದ ಒಂದು ಉಕ್ಕಿನ ತುಂಡನ್ನು ಎತ್ತಿ, ಎಣ್ಣೆ ಒರೆಸಿ, ನನ್ನ ಅಂಗೈ ಮೇಲೆ ಇಟ್ಟರು. ಉದ್ದ ನನ್ನ ಬೆರಳಿನಷ್ಟು. ಒಂದು ತುದಿಯಲ್ಲಿ ತೂತು, ಇನ್ನೊಂದು ಕಡೆ ಒಂದೇ ಒಂದು ಹಲ್ಲು. ಹಲ್ಲಿನ ಅಗಲ ಹೆಬ್ಬೆರಳಿನ ಉಗುರಿಗಿಂತ ಜಾಸ್ತಿ ಇರಲಿಲ್ಲ. “ನೀವು ‘ಪಿ’ಗೆ ಹಾಕ್ತೀರಲ್ವಾ ಸಾರ್, ಆಗ ಗಾಡಿ ಹಿಡ್ಕೊಳೋದು ಇದು ಒಂದೇ,” ಅಂದರು. ‘ಪಿ’ ಅಂದರೆ ಪಾರ್ಕ್, ಗಾಡಿ ನಿಲ್ಲಿಸಿ ಇಳಿಯುವಾಗ ಲಿವರ್ ಹಾಕುವ ಜಾಗ.

ಗಾಡಿಯ ತೂಕ ಒಂದೂವರೆ ಟನ್. ಅದನ್ನು ಹಿಡಿಯುವುದಕ್ಕೆ ಉಗುರಗಲದ ಹಲ್ಲು. ಹಲ್ಲೇನೋ ಗಟ್ಟಿಯಾಗಿಯೇ ಇದೆ. ಅದು ಮುರಿಯುವುದು ಅಪರೂಪ. ಆದರೆ ಅದನ್ನು ಕೈಯಲ್ಲಿ ಹಿಡಿದ ಮೇಲೆ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ನನ್ನ ಕೈ ಇರುವುದು ಲಿವರ್ ಮೇಲೆ. ಹಲ್ಲು ಇರುವುದು ಗೇರ್‌ಬಾಕ್ಸಿನ ಒಳಗೆ, ಎಣ್ಣೆಯಲ್ಲಿ. ನನ್ನ ಕಣ್ಣಿಗೆ ಕಾಣುವುದು ಡ್ಯಾಶ್‌ಬೋರ್ಡಿನಲ್ಲಿ ಉರಿಯುವ ‘ಪಿ’ ಅನ್ನುವ ಅಕ್ಷರ. ಈ ಮೂರರ ನಡುವೆ ಏನೇನಿದೆ?

ನಿಲ್ಲಿಸಿದ ಆಟೋಮ್ಯಾಟಿಕ್ ಗಾಡಿಗಳು ತಾವೇ ಉರುಳಿದ ಪ್ರಕರಣಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ, ಹೆಚ್ಚುಕಮ್ಮಿ ಎಲ್ಲದಕ್ಕೂ ಕಾರಣ ಈ ನಡುವಿನ ಜಾಗದಲ್ಲೇ ಸಿಗುತ್ತದೆ. ಕೈ ಒಂದು ಹೇಳಿತು, ಅಕ್ಷರ ಒಂದು ತೋರಿಸಿತು, ಹಲ್ಲು ಮಾತ್ರ ಬೇರೆ ಎಲ್ಲೋ ಇತ್ತು. “ಡ್ರೈವರ್ ಮರೆತ” ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಮರೆಯುವವರಿದ್ದಾರೆ, ನಿಜ. ಮರೆಯದೇ ಇದ್ದವರ ಗಾಡಿಯೂ ಉರುಳಿದೆ.

ಮೊದಲು ಈ ಹಲ್ಲು ಮಾಡುವ ಕೆಲಸ ನೋಡೋಣ. ಇದಕ್ಕೆ ಪಾರ್ಕಿಂಗ್ ಪಾಲ್ ಅನ್ನುತ್ತಾರೆ. ಗೇರ್‌ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಶಾಫ್ಟಿನ ಮೇಲೆ ದೊಡ್ಡ ದೊಡ್ಡ ಕಚ್ಚುಗಳಿರುವ ಒಂದು ಚಕ್ರ ಇರುತ್ತದೆ. ಲಿವರನ್ನು ‘ಪಿ’ಗೆ ತಂದಾಗ ಒಂದು ಸ್ಪ್ರಿಂಗು ಈ ಹಲ್ಲನ್ನು ಒತ್ತಿ ಒಂದು ಕಚ್ಚಿನೊಳಗೆ ಕೂರಿಸುತ್ತದೆ. ಹಳೇ ಮನೆಯ ಬಾಗಿಲಿನ ಅಗಳಿ ಇದ್ದ ಹಾಗೆ. ಬ್ರೇಕ್ ಮಾಡುವುದು ಉಜ್ಜಿ ಹಿಡಿಯುವ ಕೆಲಸ, ಅಗಳಿ ಮಾಡುವುದು ಅಡ್ಡ ನಿಲ್ಲುವ ಕೆಲಸ. ಎರಡೂ ಬೇರೆ ಬೇರೆ.

ಅಗಳಿ ಹಾಕುವಾಗ ಕೆಲವೊಮ್ಮೆ ಅದು ತೂತಿಗೆ ಸರಿಯಾಗಿ ಎದುರಾಗಿ ಇರುವುದಿಲ್ಲ, ಅಲ್ವಾ? ಬಾಗಿಲನ್ನು ಸ್ವಲ್ಪ ಅಲುಗಿಸಬೇಕು, ಆಗ ಟಕ್ ಅಂತ ಬೀಳುತ್ತದೆ. ಇಲ್ಲೂ ಅಷ್ಟೇ. ‘ಪಿ’ಗೆ ಹಾಕಿ ಬ್ರೇಕಿನಿಂದ ಕಾಲು ತೆಗೆದಾಗ ಗಾಡಿ ಸ್ವಲ್ಪ ಮುಂದೆಯೋ ಹಿಂದೆಯೋ ಜರುಗಿ ಕುಲುಕಿ ನಿಲ್ಲುತ್ತದೆ. ಎರಡು ಕಚ್ಚುಗಳ ನಡುವಿನ ದಿಬ್ಬದ ಮೇಲೆ ಕೂತಿದ್ದ ಹಲ್ಲು, ಶಾಫ್ಟು ಸ್ವಲ್ಪ ತಿರುಗಿದ ಮೇಲೆ ಕಚ್ಚಿನೊಳಗೆ ಬಿತ್ತು ಅಂತ ಅದರ ಅರ್ಥ. ಇಳಿಜಾರಿನಲ್ಲಿ ಹೀಗೆ ನಿಲ್ಲಿಸಿದರೆ ಇಡೀ ಗಾಡಿಯ ಭಾರ ಆ ಒಂದು ಹಲ್ಲಿನ ಮೇಲೆ. ಮಾರನೇ ದಿನ ಲಿವರ್ ಎಳೆದಾಗ ‘ಧಡ್’ ಅಂತ ಸದ್ದಾಗುವುದು, ಲಿವರ್ ಬಿಗಿಯಾಗಿ ಬರುವುದು ಇದಕ್ಕೇ. ರಾತ್ರಿಯೆಲ್ಲ ಹೊತ್ತ ಭಾರವನ್ನು ಅದು ಒಮ್ಮೆಲೇ ಬಿಡುತ್ತಿರುತ್ತದೆ.

ಭಾರ ಎಷ್ಟು ಅನ್ನುವುದಕ್ಕೆ ಒಂದು ಲೆಕ್ಕ. ನೂರು ಅಡಿಗೆ ಹತ್ತು ಅಡಿ ಇಳಿಯುವ ಜಾಗದಲ್ಲಿ 1,500 ಕಿಲೋ ಗಾಡಿ ನಿಂತರೆ, ಅದು ಕೆಳಗೆ ಎಳೆಯುವ ಬಲ ಸುಮಾರು 150 ಕಿಲೋ. ಮೂರು ಮೂಟೆ ಸಿಮೆಂಟು ಕಟ್ಟಿ ನೇತುಹಾಕಿದಷ್ಟು. ಬಿಟ್ಟರೆ ಐದೇ ಸೆಕೆಂಡಿನಲ್ಲಿ ಮೂವತ್ತು ಅಡಿಗೂ ಜಾಸ್ತಿ ದೂರ ಹೋಗಿ, ಗಂಟೆಗೆ 15 ಕಿಲೋಮೀಟರ್ ವೇಗ ಹಿಡಿದಿರುತ್ತದೆ. ಅಷ್ಟು ಇಳಿಜಾರೂ ಬೇಕಿಲ್ಲ. ಗಾಳಿ ಸರಿಯಾಗಿರುವ ಟೈರು ಒಳ್ಳೆಯ ಕಾಂಕ್ರೀಟಿನ ಮೇಲೆ ಉರುಳಲು ನೂರು ಅಡಿಗೆ ಒಂದೂವರೆ ಅಡಿ ಇಳಿತ ಸಾಕು. ಮಳೆನೀರು ಹರಿದುಹೋಗಲಿ ಅಂತ ಮೇಸ್ತ್ರಿ ಅಂಗಳಕ್ಕೆ ವಾಟ ಕೊಡುತ್ತಾನಲ್ಲ, ಹೆಚ್ಚುಕಮ್ಮಿ ಅಷ್ಟು. ಕಣ್ಣಿಗೆ ಅದು ಸಮತಟ್ಟು. ಗಾಡಿಗೆ ಇಳಿಜಾರು.

ಈ ಹಲ್ಲು ಹಿಡಿಯುವುದು ಶಾಫ್ಟನ್ನು, ಚಕ್ರವನ್ನು ನೇರವಾಗಿ ಹಿಡಿಯುವುದಿಲ್ಲ. ಇದು ತುಂಬ ಜನಕ್ಕೆ ಗೊತ್ತಿಲ್ಲದ ವಿಷಯ. ಶಾಫ್ಟಿಗೂ ಎರಡು ಚಕ್ರಗಳಿಗೂ ನಡುವೆ ಡಿಫರೆನ್ಷಿಯಲ್ ಇದೆ. ತಿರುವಿನಲ್ಲಿ ಒಂದು ಚಕ್ರ ಇನ್ನೊಂದಕ್ಕಿಂತ ಜಾಸ್ತಿ ಸುತ್ತಲು ಬಿಡುವ ಗೇರುಗಳು ಅವು. ಶಾಫ್ಟು ಲಾಕ್ ಆಗಿದ್ದರೂ ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಬಹುದು. ಎರಡೂ ಚಕ್ರ ನೆಲ ಕಚ್ಚಿ ಹಿಡಿದಿರುವ ತನಕ ತೊಂದರೆ ಇಲ್ಲ. ಮುಂದಿನ ಚಕ್ರಗಳಿಗೆ ಶಕ್ತಿ ಹೋಗುವ ಗಾಡಿಯಲ್ಲಿ ಪಂಕ್ಚರ್ ಆಗಿ, ಘಾಟಿಯ ಪಕ್ಕದಲ್ಲಿ ಮುಂದಿನ ಒಂದು ಚಕ್ರವನ್ನು ಜಾಕ್ ಹಾಕಿ ಎತ್ತಿದಿರಿ ಅಂದುಕೊಳ್ಳಿ. ಗಾಳಿಯಲ್ಲಿರುವ ಚಕ್ರ ಸುಮ್ನೆ ತಿರುಗುತ್ತದೆ, ನೆಲದ ಮೇಲಿರುವುದು ಉರುಳುತ್ತದೆ. ‘ಪಿ’ಯಲ್ಲಿದ್ದರೂ ಗಾಡಿ ಜಾಕ್ ಮೇಲಿಂದ ಜಾರುತ್ತದೆ. ಆ ಹೊತ್ತಿನಲ್ಲಿ ಕಾಯುವುದು ಹಿಂದಿನ ಚಕ್ರಗಳನ್ನು ಹಿಡಿದ ಹ್ಯಾಂಡ್‌ಬ್ರೇಕ್ ಮತ್ತು ಚಕ್ರಕ್ಕೆ ಕೊಟ್ಟ ಕಲ್ಲು. ಲಾರಿ ನಿಂತ ಕೂಡಲೇ ಕ್ಲೀನರ್ ಇಳಿದು ಟೈರಿಗೆ ಕಲ್ಲು ಕೊಡುತ್ತಾನಲ್ಲ, ಅವನಿಗೆ ಡಿಫರೆನ್ಷಿಯಲ್ ಗೊತ್ತಿರಬೇಕಾಗಿಲ್ಲ, ಆದರೆ ಅವನು ಮಾಡುವ ಕೆಲಸ ನೂರಕ್ಕೆ ನೂರು ಸರಿ.

ಈಗ ಅಮೆರಿಕಕ್ಕೆ ಬರೋಣ. ಆಟೋಮ್ಯಾಟಿಕ್ ಗಾಡಿಗಳು ಮೊದಲು ಮನೆಮನೆಗೆ ಬಂದದ್ದು ಅಲ್ಲೇ, ಈ ತೊಂದರೆ ದೊಡ್ಡದಾಗಿ ಕಂಡದ್ದೂ ಅಲ್ಲೇ.

1970ರ ದಶಕದಲ್ಲಿ ಫೋರ್ಡ್ ಗಾಡಿಗಳ ಬಗ್ಗೆ ಒಂದೇ ಥರದ ದೂರುಗಳು ಬರತೊಡಗಿದವು. ಇಂಜಿನ್ ಆನ್ ಇಟ್ಟು, ‘ಪಿ’ಗೆ ಹಾಕಿ, ಗೇಟು ತೆಗೆಯಲೋ ಸಾಮಾನು ಇಳಿಸಲೋ ಇಳಿದರೆ, ಗಾಡಿ ಇದ್ದಕ್ಕಿದ್ದ ಹಾಗೆ ರಿವರ್ಸ್ ಹೊರಡುತ್ತಿತ್ತು. ಉರುಳುವುದಲ್ಲ, ಇಂಜಿನ್ನಿನ ಶಕ್ತಿಯಿಂದಲೇ ಹಿಂದಕ್ಕೆ ಓಡುವುದು. ಆಟೋಮ್ಯಾಟಿಕ್ ಲಿವರಿನಲ್ಲಿ ‘ಪಿ’ಯ ಪಕ್ಕದ ಮನೆಯೇ ‘ಆರ್’, ಅಂದರೆ ರಿವರ್ಸ್. ಲಿವರ್ ಎರಡರ ನಡುವೆ ಎಲ್ಲೋ ಕೂತಿರುತ್ತಿತ್ತು. ಕೈಗೆ ‘ಪಿ’ ಮುಟ್ಟಿದ ಹಾಗೆ ಅನ್ನಿಸುತ್ತಿತ್ತು. ಒಳಗೆ ಅಗಳಿ ತೂತಿಗೆ ಬಿದ್ದಿರುತ್ತಿರಲಿಲ್ಲ. ಇಂಜಿನ್ನಿನ ನಡುಕಕ್ಕೋ, ಬಾಗಿಲು ಹಾಕಿದ ಧಕ್ಕೆಗೋ ಲಿವರ್ ‘ಆರ್’ ಕಡೆಗೆ ಜಾರುತ್ತಿತ್ತು. ಆ ಕ್ಷಣಕ್ಕೆ ಡ್ರೈವರ್ ಗಾಡಿಯ ಹಿಂದೆ ಡಿಕ್ಕಿಯ ಹತ್ತಿರ ನಿಂತಿರುತ್ತಿದ್ದ, ಇಲ್ಲವೇ ತೆರೆದ ಬಾಗಿಲಿನ ಪಕ್ಕ. ರಿವರ್ಸ್ ಹೋಗುವ ಗಾಡಿಯ ತೆರೆದ ಬಾಗಿಲು ಮನುಷ್ಯನನ್ನು ಹಿಂದಿನಿಂದ ಗುಡಿಸಿದ ಹಾಗೆ ಕೆಡವುತ್ತದೆ. ಬಿದ್ದವನ ಕಾಲು ಮುಂದಿನ ಚಕ್ರದ ದಾರಿಯಲ್ಲಿ.

ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಗೆ ಹೀಗೆ ಬಂದ ದೂರುಗಳು 23,000. ಅದರಲ್ಲಿ 6,000 ಅಪಘಾತ, 1,710 ಜನಕ್ಕೆ ಗಾಯ, 98 ಸಾವು. ಇಷ್ಟಾದ ಮೇಲೆ 1980ರ ಡಿಸೆಂಬರಿನಲ್ಲಿ ಆದ ಒಪ್ಪಂದ ಏನು ಗೊತ್ತಾ? ಸುಮಾರು 2 ಕೋಟಿ 30 ಲಕ್ಷ ಗಾಡಿಗಳ ಮಾಲೀಕರಿಗೆ ಕಂಪನಿ ಒಂದೊಂದು ಸ್ಟಿಕ್ಕರ್ ಕಳಿಸಿತು. ಇಳಿಯುವ ಮುಂಚೆ ‘ಪಿ’ ಸರಿಯಾಗಿ ಬಿದ್ದಿದೆಯಾ ನೋಡಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ, ಇಂಜಿನ್ ಆಫ್ ಮಾಡಿ ಅನ್ನುವ ಎಚ್ಚರಿಕೆ ಅದು. ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಳ್ಳಬೇಕು. ಲಿವರ್ ಹಾಗೆಯೇ ಉಳಿಯಿತು. ಇಷ್ಟು ವರ್ಷ ಆದ ಮೇಲೆ ಓದಿದರೂ ನನಗೆ ಸಿಟ್ಟು ಬರುತ್ತದೆ. ಯಂತ್ರದಲ್ಲಿದ್ದ ಕೊರತೆಯನ್ನು ಸ್ಟಿಕ್ಕರ್ ಮೂಲಕ ಡ್ರೈವರನ ಹೆಗಲಿಗೆ ದಾಟಿಸಿದ ಹಾಗಾಯಿತು.

ಆಮೇಲೆ ಕಾನೂನು ನಿಧಾನಕ್ಕೆ ಬಿಗಿಯಾಯಿತು. ‘ಪಿ’ಗೆ ಹಾಕದೆ ಕೀ ಹೊರಗೆ ಬರಬಾರದು ಅನ್ನುವ ನಿಯಮ ಬಂತು. ಬ್ರೇಕ್ ಒತ್ತದೆ ‘ಪಿ’ಯಿಂದ ಲಿವರ್ ಅಲುಗಬಾರದು ಅನ್ನುವುದು 2010ರಿಂದ ಕಡ್ಡಾಯವಾಯಿತು. ಮಕ್ಕಳು ಗಾಡಿಯೊಳಗೆ ಆಡುತ್ತಾ ಲಿವರ್ ಎಳೆದುಬಿಡುತ್ತಿದ್ದರು, ಅದಕ್ಕೆ. ಎರಡೂ ಒಳ್ಳೆಯ ನಿಯಮ. ಇವತ್ತು ನಮ್ಮ ಆಟೋಮ್ಯಾಟಿಕ್ ಗಾಡಿಗಳಲ್ಲೂ ಬ್ರೇಕ್ ಒತ್ತಿದರೇ ಲಿವರ್ ಬಿಡುವುದು.

ಆದರೆ ಇವೆಲ್ಲ ಕಾಯುವುದು ಲಿವರನ್ನು. ಹಲ್ಲನ್ನಲ್ಲ. 2022ರಲ್ಲಿ ಫೋರ್ಡ್ ಅಮೆರಿಕದಲ್ಲಿ ಸುಮಾರು 29 ಲಕ್ಷ ಗಾಡಿಗಳನ್ನು ರಿಪೇರಿಗೆ ವಾಪಸ್ ಕರೆಯಿತು. ಕಾರಣ ಒಂದು ಪುಟ್ಟ ಬುಶ್. ಲಿವರಿನಿಂದ ಗೇರ್‌ಬಾಕ್ಸಿಗೆ ಒಂದು ಕೇಬಲ್ ಹೋಗುತ್ತದೆ. ಕೇಬಲ್ಲಿನ ತುದಿಯನ್ನು ಗೇರ್‌ಬಾಕ್ಸಿಗೆ ಕೂಡಿಸುವುದು ಆ ಬುಶ್. ಶಾಖ, ತೇವಾಂಶಕ್ಕೆ ಅದು ಹಾಳಾಗಿ ಪುಡಿಯಾಗುತ್ತಿತ್ತು. ಕೇಬಲ್ ಕಳಚಿಕೊಳ್ಳುತ್ತಿತ್ತು. ಡ್ರೈವರ್ ಎಲ್ಲ ಸರಿಯಾಗಿ ಮಾಡುತ್ತಾನೆ. ಲಿವರ್ ‘ಪಿ’ಗೆ ಬರುತ್ತದೆ. ಕೀ ಕೂಡ ಹೊರಗೆ ಬರುತ್ತದೆ. ಒಳಗೆ ಗೇರ್‌ಬಾಕ್ಸ್ ಮಾತ್ರ ಇನ್ನೂ ‘ಡಿ’ಯಲ್ಲೋ (ಡ್ರೈವ್) ‘ಎನ್’ನಲ್ಲೋ (ನ್ಯೂಟ್ರಲ್) ಇದೆ. ಎಚ್ಚರಿಕೆಯ ಸದ್ದೂ ಇಲ್ಲ, ಯಾಕೆಂದರೆ ಗಾಡಿಯ ಲೆಕ್ಕದಲ್ಲಿ ಲಿವರ್ ಇರಬೇಕಾದ ಕಡೆಯೇ ಇದೆ. ಇಲ್ಲಿ ಯಾರು ಮರೆತರು?

2024ರಲ್ಲಿ ಕಿಯಾ ತನ್ನ ಟೆಲ್ಯುರೈಡ್ ಗಾಡಿಗಳನ್ನು ಅಮೆರಿಕದಲ್ಲಿ ವಾಪಸ್ ಕರೆಯಿತು, 4.27 ಲಕ್ಷ. ಅದರಲ್ಲಿ ಹಲ್ಲು ಸರಿಯಾಗೇ ಕಚ್ಚುತ್ತಿತ್ತು. ಹಲ್ಲಿನಿಂದ ಚಕ್ರದ ಕಡೆಗೆ ಹೋಗುವ ಒಂದು ಶಾಫ್ಟನ್ನು ಜೋಡಿಸುವಾಗ ಅದು ಪೂರ್ತಿ ಒಳಗೆ ಕೂತಿರಲಿಲ್ಲ. ಓಡಿಸುತ್ತಾ ಓಡಿಸುತ್ತಾ ಆ ಜಾಗ ಸವೆದು, ಕೊನೆಗೆ ಲಾಕ್ ಒಂದು ಕಡೆ, ಚಕ್ರ ಇನ್ನೊಂದು ಕಡೆ ಆಗುವ ಅಪಾಯ. ರಿಪೇರಿ ಆಗುವ ತನಕ ಪ್ರತಿ ಸಲ ಪಾರ್ಕಿಂಗ್ ಬ್ರೇಕ್ ಹಾಕಿ ಅಂತ ಕಂಪನಿಯೇ ಹೇಳಿತು. 2022ರಲ್ಲಿ ಹ್ಯುಂಡೈ ಅಯಾನಿಕ್ 5, ಕಿಯಾ ಇವಿ6 ಅನ್ನುವ ಕರೆಂಟ್ ಗಾಡಿಗಳಲ್ಲಿ ಕಂಡದ್ದು ಬೇರೆಯದೇ. ಅಲ್ಲಿ ಹಲ್ಲನ್ನು ಎತ್ತಿ ಇಳಿಸುವುದು ಮೋಟರು, ಅದಕ್ಕೆ ಆಜ್ಞೆ ಕೊಡುವುದು ಕಂಪ್ಯೂಟರ್. ಗಾಡಿ ಆಫ್ ಆಗಿ ನಿಂತಿದ್ದಾಗ ವೋಲ್ಟೇಜ್ ಏರುಪೇರಾಗಿ ಹಲ್ಲು ಒಂದು ಕ್ಷಣ ಮೇಲೆದ್ದುಬಿಡಬಹುದು ಅಂತ ಗೊತ್ತಾಯಿತು. ಅಮೆರಿಕದಲ್ಲಿ ಎರಡೂ ಸೇರಿ ಸುಮಾರು 20,000 ಗಾಡಿಗಳಿಗೆ ಹೊಸ ಸಾಫ್ಟ್‌ವೇರ್ ಹಾಕಬೇಕಾಯಿತು. ಒಳಗೆ ಯಾರೂ ಇಲ್ಲದ, ಬೀಗ ಹಾಕಿದ ಗಾಡಿಯ ಅಗಳಿ ತಾನೇ ತೆರೆದುಕೊಳ್ಳುವ ಸಾಧ್ಯತೆ ಅದು.

ಇನ್ನು ಎಲ್ಲರೂ ನೆನಪಿಟ್ಟುಕೊಂಡಿರುವ ಪ್ರಕರಣ. 2016ರ ಜೂನ್ 19ರಂದು ಲಾಸ್ ಏಂಜಲೀಸಿನಲ್ಲಿ ಆಂಟನ್ ಯೆಲ್ಚಿನ್ ಅನ್ನುವ ಹಾಲಿವುಡ್ ನಟ ತನ್ನದೇ ಮನೆಯ ಮುಂದೆ ಸತ್ತುಹೋದ. ವಯಸ್ಸು ಇಪ್ಪತ್ತೇಳು. ಮನೆಯ ದಾರಿ ಕಡಿದಾದ ಇಳಿಜಾರು. ಅವನ ಜೀಪ್ ಗ್ರ್ಯಾಂಡ್ ಚೆರೋಕಿ ಹಿಂದಕ್ಕೆ ಉರುಳಿ ಬಂದು, ಗೇಟಿನ ಹತ್ತಿರದ ಇಟ್ಟಿಗೆ ಕಂಬಕ್ಕೂ ಬೇಲಿಗೂ ಅವನನ್ನು ಒತ್ತಿಹಾಕಿತ್ತು.

ಆ ಜೀಪಿನ ಲಿವರನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹಳೇ ಲಿವರ್ ‘ಪಿ’ಗೆ ಹಾಕಿದರೆ ‘ಪಿ’ಯ ಜಾಗದಲ್ಲೇ ನಿಲ್ಲುತ್ತದೆ, ‘ಡಿ’ಗೆ ಎಳೆದರೆ ‘ಡಿ’ಯ ಜಾಗದಲ್ಲಿ. ಕತ್ತಲಲ್ಲೂ ಕೈಗೆ ಗೊತ್ತಾಗುತ್ತದೆ. ಈ ಹೊಸ ಲಿವರ್ ಹಾಗಲ್ಲ. ಮುಂದಕ್ಕೆ ತಳ್ಳಲಿ, ಹಿಂದಕ್ಕೆ ಎಳೆಯಲಿ, ಬಿಟ್ಟ ಕೂಡಲೇ ನಡುವಿಗೆ ವಾಪಸ್ ಬಂದು ನಿಲ್ಲುತ್ತದೆ, ವಿಡಿಯೋ ಗೇಮಿನ ಕಡ್ಡಿಯ ಥರ. ಯಾವ ಗೇರಿನಲ್ಲಿದ್ದೀರಿ ಅನ್ನುವುದನ್ನು ಹೇಳುವುದು ಸಣ್ಣ ದೀಪದ ಅಕ್ಷರ ಮಾತ್ರ. ‘ಪಿ’ಗೆ ಹೋಗಬೇಕಾದರೆ ಪೂರ್ತಿ ಮುಂದಕ್ಕೆ ತಳ್ಳಬೇಕು. ಸ್ವಲ್ಪ ಕಮ್ಮಿ ತಳ್ಳಿದರೆ ‘ಆರ್’ ಅಥವಾ ‘ಎನ್’. ಲಿವರ್ ಅಂತೂ ಎಲ್ಲಕ್ಕೂ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಮೂವತ್ತು ವರ್ಷ ಆಟೋಮ್ಯಾಟಿಕ್ ಓಡಿಸಿದ ಕೈ ಮುಂದಕ್ಕೆ ತಳ್ಳಿ, ಬಾಗಿಲು ತೆರೆದು, ಇಳಿದೇಬಿಡುತ್ತದೆ. ಇಂಜಿನ್ ಇನ್ನೂ ಓಡುತ್ತಿದೆ. ಕುಂಯ್ ಕುಂಯ್ ಅಂತ ಒಂದು ಎಚ್ಚರಿಕೆಯ ಸದ್ದು ಬರುತ್ತಿತ್ತು. ಸೀಟ್‌ಬೆಲ್ಟಿಗೂ ಸದ್ದು, ಬಾಗಿಲಿಗೂ ಸದ್ದು ಇರುವ ಗಾಡಿಯಲ್ಲಿ ಇನ್ನೊಂದು ಸದ್ದು.

ಈ ಲಿವರಿನ ಬಗ್ಗೆ ಸುರಕ್ಷತಾ ಇಲಾಖೆ 2015ರಲ್ಲೇ ತನಿಖೆ ಶುರು ಮಾಡಿತ್ತು. 2016ರ ಏಪ್ರಿಲಿನಲ್ಲಿ, ಜೀಪ್ ತಯಾರಿಸುತ್ತಿದ್ದ ಫಿಯೆಟ್ ಕ್ರೈಸ್ಲರ್ ಕಂಪನಿ ಪ್ರಪಂಚದಾದ್ಯಂತ ಸುಮಾರು 11 ಲಕ್ಷ ಗಾಡಿಗಳನ್ನು ವಾಪಸ್ ಕರೆಯುವುದಾಗಿ ಹೇಳಿತು. ಆಗ ಅವರ ಲೆಕ್ಕಕ್ಕೆ ಸಿಕ್ಕಿದ್ದ ಗಾಯಾಳುಗಳು 41. ಯೆಲ್ಚಿನ್ ಸತ್ತದ್ದು ಅದಾಗಿ ಎರಡೇ ತಿಂಗಳಿಗೆ. ಅವನ ಜೀಪು ಆ ಪಟ್ಟಿಯಲ್ಲಿತ್ತು.

ರಿಪೇರಿ ಏನು ಅಂತ ನೋಡಿದರೆ ಹೊಟ್ಟೆ ಉರಿಯುತ್ತದೆ. ಸಾಫ್ಟ್‌ವೇರ್ ಬದಲಾವಣೆ, ಅಷ್ಟೇ. ಗಾಡಿ ನಿಂತಿದ್ದು, ಡ್ರೈವರ್ ಇಳಿಯುತ್ತಿದ್ದಾನೆ ಅಂತ ಗೊತ್ತಾದರೆ ಗಾಡಿ ತಾನೇ ‘ಪಿ’ಗೆ ಹೋಗುತ್ತದೆ. ಬಾಗಿಲು ತೆರೆದಿದೆ ಅಂತ ಗಾಡಿಗೆ ಗೊತ್ತಿತ್ತು. ಬೆಲ್ಟ್ ಬಿಚ್ಚಿದ್ದು ಗೊತ್ತಿತ್ತು. ಬ್ರೇಕ್ ಮೇಲೆ ಕಾಲಿಲ್ಲ ಅನ್ನುವುದೂ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದ್ದು ಸುಮ್ನೆ ಸದ್ದು ಮಾಡುತ್ತಿತ್ತು. ಲಿವರಿನಿಂದ ಕೇಬಲ್ ತೆಗೆದು ವೈರ್ ಹಾಕಿದ ಮೇಲೆ, ಹಲ್ಲನ್ನು ಇಳಿಸುವ ಶಕ್ತಿ ಗಾಡಿಯ ಕೈಯಲ್ಲೇ ಇರುತ್ತದೆ. ಆ ಶಕ್ತಿ ಇದ್ದೂ ಬಳಸದೆ ಇರುವುದನ್ನು ನಾನು ಡ್ರೈವರನ ಮರೆವು ಅಂತ ಕರೆಯಲಾರೆ.

ಗಾಡಿಗಳು ನಿಶ್ಶಬ್ದವಾದದ್ದು ಇದಕ್ಕೆ ಇನ್ನೊಂದು ಸೇರಿಕೆ. ಸಿಗ್ನಲ್ಲಿನಲ್ಲಿ ಇಂಜಿನ್ ತಾನೇ ಆಫ್ ಆಗುವ ಗಾಡಿ, ಹೈಬ್ರಿಡ್, ಕರೆಂಟ್ ಗಾಡಿ, ಇವುಗಳಲ್ಲಿ ‘ಡಿ’ಯಲ್ಲಿದ್ದರೂ ಸದ್ದಿಲ್ಲ, ನಡುಕವಿಲ್ಲ. ಜೊತೆಗೆ ಆಟೋ ಹೋಲ್ಡ್ ಅನ್ನುವ ಸೌಲಭ್ಯ, ಕಾಲು ತೆಗೆದರೂ ಬ್ರೇಕ್ ಹಿಡಿದುಕೊಂಡಿರುತ್ತದೆ. ಮನೆ ಮುಂದೆ ನಿಲ್ಲಿಸಿದಿರಿ, ಫೋನ್ ಬಂತು, ಗಾಡಿ ನಿಂತಿದೆ, ಸದ್ದಿಲ್ಲ, ಅಲುಗಾಟವಿಲ್ಲ. ಆಫ್ ಆಗಿದೆ ಅಂತ ಮನಸ್ಸು ತೀರ್ಮಾನ ಮಾಡಿಬಿಡುತ್ತದೆ. ಒಳ್ಳೆಯ ಗಾಡಿಗಳು ಬಾಗಿಲು ತೆರೆದ ಕೂಡಲೇ ಪಾರ್ಕಿಂಗ್ ಬ್ರೇಕ್ ಹಾಕಿಕೊಳ್ಳುತ್ತವೆ. ಎಲ್ಲ ಗಾಡಿಗಳೂ ಹಾಗೆ ಮಾಡುವುದಿಲ್ಲ. ನಿಮ್ಮದು ಮಾಡುತ್ತದಾ ಅನ್ನುವುದನ್ನು ಬಯಲಿನಲ್ಲಿ, ಸಮತಟ್ಟು ಜಾಗದಲ್ಲಿ, ಕಾಲನ್ನು ಬ್ರೇಕಿನ ಹತ್ತಿರವೇ ಇಟ್ಟುಕೊಂಡು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ನಮ್ಮ ದೇಶದ ಕಥೆ ಬೇರೆ. ಇಲ್ಲಿ ಆಟೋಮ್ಯಾಟಿಕ್ ಜನಸಾಮಾನ್ಯರ ಕೈಗೆ ಬಂದದ್ದು 2014ರಲ್ಲಿ, ಮಾರುತಿ ಸೆಲೆರಿಯೋದ ಎಎಂಟಿ ಮೂಲಕ. ಎಎಂಟಿ ಅಂದರೆ ಒಳಗೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಆಮೇಲೆ ಬೇರೆ ಕಂಪನಿಗಳೂ ತಂದವು. ಬೆಲೆ ಕಮ್ಮಿ, ಮೈಲೇಜ್ ಚೆನ್ನಾಗಿದೆ, ಬೆಂಗಳೂರಿನ ಟ್ರಾಫಿಕ್ಕಿಗೆ ಎಡಗಾಲಿಗೆ ನೆಮ್ಮದಿ. ಆದರೆ ಇಂಥ ಸಣ್ಣ ಗಾಡಿಗಳ ಲಿವರ್ ನೋಡಿ. ‘ಆರ್’ ಇದೆ, ‘ಎನ್’ ಇದೆ, ‘ಡಿ’ ಇದೆ, ನಾವೇ ಗೇರ್ ಬದಲಿಸುವುದಕ್ಕೆ ‘ಎಂ’ ಇದೆ. ‘ಪಿ’ ಇಲ್ಲ. ಅಕ್ಷರವೂ ಇಲ್ಲ, ಒಳಗೆ ಆ ಹಲ್ಲೂ ಇಲ್ಲ.

ಹಾಗಾದರೆ ನಿಂತ ಗಾಡಿಯನ್ನು ಹಿಡಿಯುವುದು ಏನು? ಗೇರಿನಲ್ಲಿಟ್ಟು ಆಫ್ ಮಾಡಿದರೆ ಕ್ಲಚ್ ಕೂಡಿಕೊಂಡೇ ಇರುತ್ತದೆ. ಚಕ್ರ ಉರುಳಬೇಕಾದರೆ ಇಂಜಿನ್ನನ್ನೂ ತಿರುಗಿಸಬೇಕು, ಆ ಬಿಗಿ ಗಾಡಿಯನ್ನು ಹಿಡಿಯುತ್ತದೆ. ಹಳೇ ಮ್ಯಾನುಯಲ್ ಗಾಡಿಯನ್ನು ಇಳಿಜಾರಿನಲ್ಲಿ ಫಸ್ಟ್ ಗೇರಿಗೆ ಹಾಕಿ ನಿಲ್ಲಿಸುತ್ತಿದ್ದೆವಲ್ಲ, ಅದೇ. ‘ಎನ್’ಗೆ ಹಾಕಿ ಆಫ್ ಮಾಡಿದರೆ ಹ್ಯಾಂಡ್‌ಬ್ರೇಕ್ ಬಿಟ್ಟು ಬೇರೆ ಏನೂ ಇಲ್ಲ. ಮ್ಯಾನುಯಲ್ಲಿನಿಂದ ಬಂದವರಿಗೆ ನಿಲ್ಲಿಸುವಾಗ ನ್ಯೂಟ್ರಲ್ ಮಾಡುವುದು ಕೈಗೆ ಹತ್ತಿದ ಅಭ್ಯಾಸ. ‘ಪಿ’ ಇರುವ ಗಾಡಿಯಿಂದ ಬಂದವರು ‘ಪಿ’ ಹುಡುಕಿ, ಸಿಗದೆ, ‘ಎನ್’ಗೆ ಹಾಕುತ್ತಾರೆ. ಎರಡು ಕಡೆಯಿಂದ ಬಂದವರೂ ಒಂದೇ ಗುಂಡಿಗೆ ಬೀಳುತ್ತಾರೆ.

ನಾನೂ ಹಾಗೆಯೇ ಮಾಡಿದೆ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮೂಡಿಗೆರೆಯ ಹತ್ತಿರ ಅಕ್ಕನ ಮನೆಗೆ ಹೋಗಿದ್ದೆ. ಮನೆ ಮುಂದೆ ಅಂಗಳ, ಅಂಗಳದಿಂದ ಕೆಳಗೆ ಕಾಫಿ ಒಣಗಿಸುವ ಕಣ. ಅಂಗಳಕ್ಕೆ ಕಣದ ಕಡೆಗೆ ವಾಟ. ನನ್ನ ಎಎಂಟಿಯನ್ನು ‘ಎನ್’ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದು ಇಳಿದೆ. ಎಳೆದದ್ದು ಪೂರ್ತಿ ಇರಲಿಲ್ಲ. ಗಾಡಿ ನಿಂತಿತು. ಹತ್ತು ನಿಮಿಷ ನಿಂತೇ ಇತ್ತು. ನಾವು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಅಕ್ಕನ ಮಗ ಬ್ಯಾಗುಗಳನ್ನು ಇಳಿಸಿ ಡಿಕ್ಕಿಯ ಬಾಗಿಲನ್ನು ಧಡಾರ್ ಅಂತ ಹಾಕಿ ಒಳಗೆ ಬಂದ. “ಏಯ್, ನಿನ್ನ ಗಾಡಿ ಹೋಗ್ತಾ ಇದೆ ಕಣೋ!” ಅಂತ ಭಾವ ಕೂಗಿದರು. ನಾನು ಲೋಟ ಇಟ್ಟು ಏಳುವಷ್ಟರಲ್ಲಿ ಅದು ಎರಡು ಹೂಕುಂಡ ಒಡೆದು ಕಣದ ಕಟ್ಟೆಗೆ ಬಡಿದು ನಿಂತಿತ್ತು. ಆ ಕುಂಡಗಳ ಪಕ್ಕದಲ್ಲಿ ಸ್ವಲ್ಪ ಹೊತ್ತಿನ ಮುಂಚೆ ಅಕ್ಕನ ಮೊಮ್ಮಗಳು ಕೂತು ಆಡುತ್ತಿದ್ದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹತ್ತು ನಿಮಿಷ ನಿಂತದ್ದು ಆಮೇಲೆ ಯಾಕೆ ಹೊರಟಿತು? ನಿಂತ ವಸ್ತುವನ್ನು ಅಲುಗಿಸಲು ಬೇಕಾಗುವ ಬಲ ಜಾಸ್ತಿ. ಒಮ್ಮೆ ಜಾರಿತು ಅಂದರೆ ಹಿಡಿತ ಕಮ್ಮಿಯಾಗುತ್ತದೆ. ಬೀರುವನ್ನು ತಳ್ಳುವಾಗ ಮೊದಲ ತಳ್ಳಿಗೆ ಕಷ್ಟ, ಆಮೇಲೆ ಸಲೀಸು, ಅಲ್ವಾ? ಅರ್ಧ ಎಳೆದ ಬ್ರೇಕು ಆ ಅಂಚಿನಲ್ಲಿ ಗಾಡಿಯನ್ನು ಹಿಡಿದಿತ್ತು. ಡಿಕ್ಕಿ ಬಾಗಿಲಿನ ಧಕ್ಕೆ ಅದನ್ನು ಅಂಚಿನಿಂದ ಆಚೆ ತಳ್ಳಿತು. ಮಾರನೇ ದಿನ ಗ್ಯಾರೇಜಿಗೆ ಒಯ್ದಾಗ ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲವಾಗಿದ್ದೂ ಗೊತ್ತಾಯಿತು. ಒಂಬತ್ತು ಕ್ಲಿಕ್ ಎಳೆದರೆ ಹಿಡಿಯುತ್ತಿತ್ತು. ಟೈಟ್ ಮಾಡಿದ ಮೇಲೆ ಐದಕ್ಕೆ ಬಂತು. ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್ ಇರುವ ಗಾಡಿಗಳಲ್ಲಿ ಇನ್ನೊಂದು ಕಾರಣವೂ ಇದೆ. ಘಾಟಿ ಇಳಿದು ಬಂದಾಗ ಡಿಸ್ಕು ಕಾದು ಹಿಗ್ಗಿರುತ್ತದೆ. ಆಗ ಹ್ಯಾಂಡ್‌ಬ್ರೇಕ್ ಎಳೆದರೆ ಬಿಗಿಯಾಗೇ ಇರುತ್ತದೆ. ಅರ್ಧ ಗಂಟೆಯಲ್ಲಿ ಆರಿ ಕುಗ್ಗಿದಾಗ ಹಿಡಿತ ಸಡಿಲ. ಬಟನ್ ಥರದ ಪಾರ್ಕಿಂಗ್ ಬ್ರೇಕ್ ಇರುವ ಕೆಲವು ಗಾಡಿಗಳು, ನಿಂತು ಸ್ವಲ್ಪ ಹೊತ್ತಾದ ಮೇಲೆ ಹಿಂದಿನಿಂದ ‘ಜುಂಯ್’ ಅಂತ ಸದ್ದು ಮಾಡಿ ಮತ್ತೊಮ್ಮೆ ಬಿಗಿ ಮಾಡಿಕೊಳ್ಳುವುದು ಇದಕ್ಕೇ.

ನಮ್ಮ ಊರುಗಳಲ್ಲಿ ಕಾಣುವ ಇನ್ನೊಂದು ಪದ್ಧತಿ ನನಗೆ ಹೆದರಿಕೆ ಹುಟ್ಟಿಸುತ್ತದೆ. ಅಪಾರ್ಟ್‌ಮೆಂಟು, ಕಲ್ಯಾಣ ಮಂಟಪ, ಆಸ್ಪತ್ರೆಗಳ ಬೇಸ್‌ಮೆಂಟಿನಲ್ಲಿ ಸಾಲಿಗೆ ಅಡ್ಡವಾಗಿ ಗಾಡಿ ನಿಲ್ಲಿಸುವುದು. “ನ್ಯೂಟ್ರಲ್ ಮಾಡಿ ಸಾರ್, ಹ್ಯಾಂಡ್‌ಬ್ರೇಕ್ ಹಾಕ್ಬೇಡಿ, ಬೇಕಾದ್ರೆ ತಳ್ಕೋತೀವಿ” ಅನ್ನುತ್ತಾರೆ ಸೆಕ್ಯೂರಿಟಿಯವರು. ಜಾಗ ಇಲ್ಲ, ಅವರಾದರೂ ಏನು ಮಾಡಿಯಾರು. ಆದರೆ ಬೇಸ್‌ಮೆಂಟಿನ ನೆಲಕ್ಕೂ ನೀರು ಹರಿಯಲು ವಾಟ ಇರುತ್ತದೆ. ಸಾಲಿನ ಕೊನೆಯಲ್ಲಿ ರ‍್ಯಾಂಪ್ ಇದ್ದರೆ ತಳ್ಳಿದ ಗಾಡಿ ಅಲ್ಲಿಗೇ ಹೋಗುತ್ತದೆ. ಹೊರಟ ಗಾಡಿಯನ್ನು ಇಬ್ಬರು ಹಿಡಿದು ನಿಲ್ಲಿಸಲಾರರು. ಅಡ್ಡ ನಿಲ್ಲಿಸಲೇಬೇಕಾದರೆ ಎರಡೂ ಬದಿ ಮರದ ಗಟ್ಟಿ ತುಂಡು ಕೊಡಬೇಕು, ತಳ್ಳುವಾಗ ತೆಗೆಯಬೇಕು. ನಮ್ಮ ಕಟ್ಟಡದಲ್ಲಿ ನಾಲ್ಕು ತುಂಡು ಮಾಡಿಸಿ ಸೆಕ್ಯೂರಿಟಿ ಕುರ್ಚಿಯ ಪಕ್ಕ ಇಟ್ಟಿದ್ದೇವೆ.

ನಿಲ್ಲಿಸುವ ಕ್ರಮವನ್ನು ಆ ಗ್ಯಾರೇಜಿನ ಮೆಕ್ಯಾನಿಕ್ ನನಗೆ ಗಾಡಿಯಲ್ಲಿ ಕೂರಿಸಿಯೇ ಕಲಿಸಿದರು. ಕಾಲಿನ ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿ. ಕಾಲು ತೆಗೆಯದೆ ‘ಎನ್’ಗೆ ತನ್ನಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಈಗ ಕಾಲನ್ನು ನಿಧಾನಕ್ಕೆ ಸಡಿಲ ಮಾಡಿ. ಗಾಡಿ ಭಾರವನ್ನು ಹ್ಯಾಂಡ್‌ಬ್ರೇಕ್ ಮೇಲೆ ಹೊರಿಸಿ ಕೂರುತ್ತದೆ. ಜರುಗಿದರೆ ಅಲ್ಲೇ ಗೊತ್ತಾಗುತ್ತದೆ, ನೀವು ಇನ್ನೂ ಸೀಟಿನಲ್ಲೇ ಇದ್ದೀರಿ. ಮತ್ತೆ ಬ್ರೇಕ್ ಒತ್ತಿ ‘ಪಿ’ಗೆ ಹಾಕಿ, ಆಮೇಲೆ ಆಫ್. ಹೀಗೆ ಮಾಡಿದರೆ ಭಾರ ಹೊರುವುದು ಬ್ರೇಕು, ಹಲ್ಲು ಅದರ ಹಿಂದೆ ಕಾವಲು. ಮಾರನೇ ದಿನ ‘ಧಡ್’ ಸದ್ದೂ ಇಲ್ಲ. ‘ಪಿ’ ಇಲ್ಲದ ಎಎಂಟಿಯಾದರೆ ಕೊನೆಗೆ ಗೇರಿನಲ್ಲಿಟ್ಟು ಆಫ್ ಮಾಡಬೇಕು. ಏರಿಗೆ ಮುಖ ಮಾಡಿ ನಿಂತಿದ್ದರೆ ‘ಡಿ’, ಇಳಿಜಾರಿಗೆ ಮುಖ ಇದ್ದರೆ ‘ಆರ್’ ಅನ್ನುವುದು ಸಾಮಾನ್ಯ ರೂಢಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಏನಿದೆ ಅನ್ನುವುದನ್ನು ಒಮ್ಮೆ ತೆಗೆದು ಓದಿ. ಘಾಟಿಯಲ್ಲಿ ಮುಂದಿನ ಚಕ್ರಗಳನ್ನು ಗುಡ್ಡದ ಕಡೆಗೆ ತಿರುಗಿಸಿ ಬಿಟ್ಟರೆ ಉರುಳಿದರೂ ಪ್ರಪಾತದ ಕಡೆ ಹೋಗುವುದಿಲ್ಲ.

ಉರುಳಲು ಶುರುವಾದ ಗಾಡಿಗೆ ಅಡ್ಡ ಹೋಗಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ. ಗಾಡಿ ನಿಧಾನವಾಗಿ ಹೋಗುತ್ತಿರುವ ಹಾಗೆ ಕಾಣುತ್ತದೆ, ಬಾಗಿಲು ಹಿಡಿದು ಒಳಗೆ ಹಾರಬಹುದು ಅನ್ನಿಸುತ್ತದೆ. ಎಷ್ಟೋ ಜನಕ್ಕೆ ಪೆಟ್ಟಾಗುವುದು ಆಗಲೇ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ನಮ್ಮ ಹಿರಿಯರಿಗೂ ಇದನ್ನು ಹೇಳಿಡಿ. ಅಲ್ಲಿನ ಎಷ್ಟೋ ಮನೆಗಳ ಮುಂದಿನ ದಾರಿ ರಸ್ತೆಯ ಕಡೆಗೆ ಇಳಿಜಾರು, ಸಾಮಾನು ಇಳಿಸುವಾಗ ಎಲ್ಲರೂ ನಿಲ್ಲುವುದು ಗಾಡಿಯ ಹಿಂದೆಯೇ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಗಾಡಿ ಉರುಳಿದರೆ? ನಮ್ಮಲ್ಲಿ ಅಂಗಳದಲ್ಲೋ ಬೇಸ್‌ಮೆಂಟಿನಲ್ಲೋ ಆದದ್ದು ಅಲ್ಲೇ ಮುಗಿದುಹೋಗುತ್ತದೆ. ಬಂಪರ್ ತಟ್ಟಿಸಿ, ಗೋಡೆಗೆ ಸಿಮೆಂಟ್ ಮೆತ್ತಿ, “ನಾನೇ ಮರೆತಿರಬೇಕು” ಅಂತ ಸುಮ್ಮನಾಗುತ್ತೇವೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ದೋಷವಿರುವ ಗಾಡಿಗಳನ್ನು ವಾಪಸ್ ಕರೆಯಿರಿ ಅಂತ ಕಂಪನಿಗೆ ಆದೇಶ ಮಾಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆ ಅಧಿಕಾರಕ್ಕೆ ಜೀವ ಬರುವುದು ಒಂದೇ ಮಾದರಿಯ ಗಾಡಿಯ ಬಗ್ಗೆ ಮಾಲೀಕರ ದೂರುಗಳು ಸಾಕಷ್ಟು ಸೇರಿದಾಗ. ಅಮೆರಿಕದ ಆ 23,000 ದೂರುಗಳೂ ಹೀಗೆ ಒಬ್ಬೊಬ್ಬರು ಬರೆದು ಕಳಿಸಿದವೇ.

ಅದಕ್ಕೆ ಒಂದು ಕೆಲಸ ಮಾಡಿ. ಗಾಡಿ ಎಲ್ಲಾದರೂ ಬಡಿದು ನಿಂತ ಮೇಲೆ, ಯಾರಿಗೂ ಏನೂ ಆಗಿಲ್ಲ ಅಂತ ಖಚಿತವಾದ ಮೇಲೆ, ಲಿವರ್ ಮುಟ್ಟುವ ಮುಂಚೆ ಫೋನ್ ತೆಗೆಯಿರಿ. ಲಿವರ್ ಎಲ್ಲಿದೆ, ಹ್ಯಾಂಡ್‌ಬ್ರೇಕ್ ಎಷ್ಟು ಎಳೆದಿದೆ, ಡ್ಯಾಶ್‌ಬೋರ್ಡಿನಲ್ಲಿ ಯಾವ ಅಕ್ಷರ ಉರಿಯುತ್ತಿದೆ, ಎಲ್ಲದರ ಫೋಟೋ ತೆಗೆದುಕೊಳ್ಳಿ. ‘ಪಿ’ ಉರಿಯುತ್ತಿರುವ ಫೋಟೋ ನಿಮ್ಮ ಹತ್ತಿರ ಇದ್ದರೆ, ಸರ್ವಿಸ್ ಸೆಂಟರಿನವರು “ನೀವೇ ಮರೆತಿರ್ತೀರಿ ಸಾರ್” ಅಂತ ಹೇಳಿ ಕಳಿಸಲು ಆಗುವುದಿಲ್ಲ. ಗೇರ್‌ಬಾಕ್ಸ್ ಬಿಚ್ಚಿ ಆ ಹಲ್ಲನ್ನು ನೋಡಲೇಬೇಕಾಗುತ್ತದೆ.